ಮುಖ ನೋಡಿ ಮಣೆ

ಮುಖ ನೋಡಿ ಮಣೆ ಹಾಕುವ ತಪ್ಪನ್ನು ನಾನೂ ಮಾಡಿದ್ದೇನೆ. ಸಿರುಗುಪ್ಪ ತಾಲ್ಲೂಕಿನ ದೇಶನೂರಿನಲ್ಲಿ, ಭತ್ತದ ಗದ್ದೆಯಿಂದ ಮರಳುತ್ತಿದ್ದ ರೈತರೊಬ್ಬರ ಕೆಂಪೇರಿದ ಮೂಗು, ಕೆನ್ನೆಗಳನ್ನು ಕಂಡು "ಕುಡಿತ ಬಿಡಬಾರದೇ?" ಎಂದುಬಿಟ್ಟೆ. "ನಾ ಹೆಂಡ ಮುಟ್ಟಿದಾಂವ ಅಲ್ರಿ, ಫಾದರ್" ಎಂದು ಅವರು ತಲೆತಗ್ಗಿಸಿದರು. ನಾನು ನಂಬಲಿಲ್ಲ.

ಕೆಲವು ವರ್ಷಗಳ ನಂತರ ನನ್ನ ಮುಖವೂ ಹಾಗೆಯೇ ಉರಿಯತೊಡಗಿತು. ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದ ಸ್ಟೀರಾಯ್ಡ್ ಮುಲಾಮು ಮೊದಲು ಹಿತವೆನಿಸಿತು. ನಿಲ್ಲಿಸಿದಾಗ ಉರಿ ಇಮ್ಮಡಿಸಿತು. ಚರ್ಮವೈದ್ಯರು ಇದನ್ನು 'ರೊಸೇಶಿಯಾ' ಎಂದರು. ಮುಖದ ರಕ್ತನಾಳಗಳು ಹಿಗ್ಗಿ, ಚರ್ಮ ಕೆಂಪೇರಿ, ಗುಳ್ಳೆಗಳೇಳುವ ದೀರ್ಘಕಾಲದ ಉರಿಯೂತವಿದು, ಅಂಟುರೋಗವಲ್ಲ. ಮದ್ಯ ಇದನ್ನು ಕೆರಳಿಸಬಹುದು, ಆದರೆ ಕುಡಿಯದವರಿಗೂ ಇದು ಬರುತ್ತದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದುಕಾಣದೆ ರೋಗ ಬಹುಕಾಲ ಅಡಗಿರುವುದೂ ಉಂಟು.

ಪೂರ್ಣ ಗುಣವಾಗದಿದ್ದರೂ ಹತೋಟಿ ಸಾಧ್ಯ. ವೈದ್ಯರು ಸೂಚಿಸಿದ ಮೆಟ್ರೊನಿಡಜೋಲ್ ಲೇಪ ನನಗೆ ನೆರವಾಯಿತು. ಕೆಲವರಿಗೆ ಐವರ್ಮೆಕ್ಟಿನ್ ಲೇಪ ಅಥವಾ ಡಾಕ್ಸಿಸೈಕ್ಲಿನ್ ಗುಳಿಗೆ ಬೇಕಾಗುತ್ತದೆ. ಬಿಸಿಲು, ಬಿಸಿ ಪಾನೀಯ, ಖಾರ, ಮನೋಒತ್ತಡ – ತನಗೆ ಯಾವುದು ಒಗ್ಗದೆಂದು ರೋಗಿಯೇ ಗುರುತಿಸಿಕೊಳ್ಳಬೇಕು. ಬಳ್ಳಾರಿಯ ಬಿಸಿಲಿನಲ್ಲಿ ಕೊಡೆ ಮತ್ತು ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ನನ್ನ ನಿತ್ಯದ ಸಂಗಾತಿಗಳು. ಚಹಾ ಆರಿಸಿ ಕುಡಿಯುತ್ತೇನೆ, ಮಿರ್ಚಿ ಬಿಟ್ಟಿದ್ದೇನೆ.

ಒಂದು ದಿನ ದೇಶನೂರಿಗೆ ಹೋಗಿ ಆ ರೈತರ ಕ್ಷಮೆ ಯಾಚಿಸಿದೆ. ಅವರು ನನ್ನ ಮುಖವನ್ನೇ ನೋಡಿ, "ಭಾಳ ಉರೀತೈತೇನ್ರಿ, ಫಾದರ್?" ಎಂದರು. ಚರ್ಮವೈದ್ಯರ ವಿಳಾಸ ಬರೆದುಕೊಟ್ಟೆ.

ಓದುಗರೇ, ಕೆಂಪಾದ ಮುಖ ಕಂಡಾಗ ನಾವೂ ಮೊದಲು ಅದನ್ನೇ ಕೇಳೋಣ.