ಕಡಿತದ ಆಚೆಗಿನ ಲೆಕ್ಕ

ಸಂಬಳದಾರನಿಗೂ ತೆರಿಗೆಗೂ ಇರುವ ನಂಟು ಬಹುಮಟ್ಟಿಗೆ ಪರೋಕ್ಷವಾದುದು. ಸರ್ಕಾರಕ್ಕೆ ಸಲ್ಲಬೇಕಾದುದನ್ನು ಕೆಲಸ ಕೊಟ್ಟವರೇ ಮೊದಲು ಮುರಿದುಕೊಂಡು ಉಳಿದುದನ್ನು ಖಾತೆಗೆ ಹಾಕುವುದರಿಂದ, ಕೈಸೇರಿದ ಹಣದ ಮೇಲೆ ಇನ್ನಾರ ಹಕ್ಕೂ ಇಲ್ಲವೆಂಬ ನೆಮ್ಮದಿ ಅವನಲ್ಲಿ ವರ್ಷಗಳ ಅಭ್ಯಾಸದಿಂದ ಬೇರೂರಿರುತ್ತದೆ. ಅಮೆರಿಕದಲ್ಲಿ ಈ ಕಡಿತದ ಪದ್ಧತಿ ಎರಡನೆಯ ಮಹಾಯುದ್ಧದ ಖರ್ಚು ತೂಗಿಸಲು 1943ರಲ್ಲಿ ವ್ಯಾಪಕವಾಗಿ ಜಾರಿಗೆ ಬಂದು, ಯುದ್ಧ ಮುಗಿದ ಮೇಲೂ ಉಳಿದುಕೊಂಡಿತು. ತೆರಿಗೆಯ ನೋವು ತಿಳಿಯದಂತೆ ತೆರಿಗೆ ಎತ್ತುವ ಉಪಾಯವನ್ನು ಒಮ್ಮೆ ಕಂಡುಕೊಂಡ ಸರ್ಕಾರ ಅದನ್ನು ಬಿಟ್ಟುಕೊಡುವುದಾದರೂ ಹೇಗೆ? ಆ ನೆಮ್ಮದಿಯನ್ನು ಕದಡುವ ಶಕ್ತಿ ಷೇರು ಆಯ್ಕೆಗೆ, ಅಂದರೆ ಸ್ಟಾಕ್ ಆಪ್ಷನ್ ಎಂಬ ಸಂಭಾವನೆಗೆ ಇದೆ.

ಕಂಪನಿಯ ಷೇರನ್ನು ಇಂದು ಗೊತ್ತುಪಡಿಸಿದ ಬೆಲೆಗೆ ಮುಂದೆಂದಾದರೂ ಕೊಳ್ಳಬಹುದೆಂದು ನೌಕರನಿಗೆ ಕೊಡುವ ಹಕ್ಕೇ ಷೇರು ಆಯ್ಕೆ. ಐದು ಡಾಲರ್ ಗೊತ್ತುಪಡಿಸಿದ ಹತ್ತು ಸಾವಿರ ಷೇರುಗಳನ್ನು ಮಾರುಕಟ್ಟೆಯ ಬೆಲೆ ಇಪ್ಪತ್ತೈದು ಡಾಲರ್ ಇರುವಾಗ ಒಬ್ಬ ನೌಕರ ಕೊಂಡನೆಂದರೆ, ನಡುವಿನ ಎರಡು ಲಕ್ಷ ಡಾಲರ್‌ಗಳನ್ನು ಅಮೆರಿಕದ ಕಾನೂನು ಸಾಮಾನ್ಯ ಬಗೆಯ ಆಯ್ಕೆಗಳಲ್ಲಿ ಆ ವರ್ಷದ ಸಂಬಳವೆಂದೇ ಎಣಿಸುತ್ತದೆ. ಕಂಪನಿ ಇದರಲ್ಲೂ ತೆರಿಗೆ ಮುರಿದುಕೊಳ್ಳುತ್ತದೆ, ಆದರೆ ತಿಂಗಳ ಸಂಬಳದ ಕ್ರಮದಲ್ಲಿ ಅಲ್ಲ. ಬೋನಸ್ಸಿನಂಥ ಪೂರಕ ವೇತನಕ್ಕೆ ಪ್ರತ್ಯೇಕ ದರವೊಂದಿದ್ದು, 2018ರಿಂದ ಅದು ಹತ್ತು ಲಕ್ಷ ಡಾಲರ್‌ವರೆಗೆ ಶೇಕಡ 22. ನೌಕರನ ಉಳಿದ ಆದಾಯ ಎಷ್ಟೆಂಬುದನ್ನು ಆ ದರ ಕೇಳುವುದೇ ಇಲ್ಲ. ಒಂಟಿ ವ್ಯಕ್ತಿಯೊಬ್ಬನ ತೆರಿಗೆಗೊಳಪಡುವ ಸಂಬಳ ಆಗಲೇ ಎರಡೂವರೆ ಲಕ್ಷ ಡಾಲರ್ ಇದ್ದರೆ, 2024ರ ಹಂತಗಳ ಪ್ರಕಾರ ಈ ಹೊಸ ಎರಡು ಲಕ್ಷವಿಡೀ ಶೇಕಡ 35ರ ಹಂತಕ್ಕೆ ಬೀಳುತ್ತದೆ. ಮುರಿದುಕೊಂಡದ್ದು 44,000, ಸಲ್ಲಬೇಕಾದದ್ದು 70,000. ಮುಂದಿನ ಏಪ್ರಿಲ್‌ನಲ್ಲಿ ತೆರಿಗೆ ವಿವರ ಸಲ್ಲಿಸಲು ಕುಳಿತಾಗ ಎದುರಾಗುವ 26,000 ಡಾಲರ್ ಬಾಕಿ ಯಾರ ಮೋಸದಿಂದಲೂ ಹುಟ್ಟಿದ್ದಲ್ಲ, ಯಾರ ಕೈತಪ್ಪಿನಿಂದಲೂ ಅಲ್ಲ. ಕಂಪನಿ ನಿಯಮವನ್ನು ಅಕ್ಷರಶಃ ಪಾಲಿಸಿರುತ್ತದೆ. ವೇತನಪತ್ರದಲ್ಲಿ ದೊಡ್ಡದೊಂದು ಕಡಿತವನ್ನು ಕಣ್ಣಾರೆ ಕಂಡವನಿಗೆ ಋಣ ತೀರಿತೆಂದು ಅನ್ನಿಸುವುದು ಸಹಜ, ಮತ್ತು ಆ ವೇಳೆಗೆ ಉಳಿದ ಹಣ ಮನೆಯ ಮುಂಗಡವಾಗಿಯೋ ಊರಿನ ಸಾಲದ ತೀರುವಳಿಯಾಗಿಯೋ ಮಾರ್ಪಟ್ಟಿರುವುದೂ ಅಷ್ಟೇ ಸಹಜ.

ಇದಕ್ಕೆ ದಂಡವೂ ಸೇರಬಹುದು. ಅಲ್ಲಿನ ಕಾನೂನು ತೆರಿಗೆಯನ್ನು ವರ್ಷವಿಡೀ ಆದಾಯ ಬಂದಂತೆಲ್ಲ ಕಟ್ಟಬೇಕೆಂದು ಬಯಸುತ್ತದೆ. ಆ ವರ್ಷದ ತೆರಿಗೆಯ ಶೇಕಡ 90ನ್ನು, ಅಥವಾ ಹಿಂದಿನ ವರ್ಷದ ತೆರಿಗೆಯಷ್ಟನ್ನು, ಹಿಂದಿನ ವರ್ಷದ ಆದಾಯ ಒಂದೂವರೆ ಲಕ್ಷ ಡಾಲರ್ ಮೀರಿದ್ದವರಾದರೆ ಅದರ ಶೇಕಡ 110ನ್ನು, ಕಡಿತದ ಮೂಲಕವೋ ಮೂರು ತಿಂಗಳಿಗೊಮ್ಮೆಯೆಂಬಂತೆ ಕಟ್ಟುವ ಮುಂಗಡದ ಮೂಲಕವೋ ಸಲ್ಲಿಸಿದವನಿಗೆ ದಂಡವಿಲ್ಲ. ಬಲ್ಲವರು ಷೇರು ಕೊಂಡ ದಿನವೇ ಅಂತರವನ್ನು ಲೆಕ್ಕಹಾಕಿ, ಡಬ್ಲ್ಯೂ-4 ಎಂಬ ನಮೂನೆಯಲ್ಲಿ ಸಂಬಳದಿಂದ ಹೆಚ್ಚಿನ ಮೊತ್ತ ಮುರಿಯುವಂತೆ ಕಂಪನಿಗೆ ಬರೆದುಕೊಡುತ್ತಾರೆ. ಈ ಮುಂಜಾಗ್ರತೆ ಸಾಮಾನ್ಯವಾಗಿ ಬರುವುದು ಎರಡನೆಯ ವರ್ಷದಿಂದ.

ಸಾಕಾಗದ ಕಡಿತಕ್ಕಿಂತ ಕಡಿತವೇ ಇಲ್ಲದ ಸ್ಥಿತಿ ಹೆಚ್ಚು ಅಪಾಯಕರವೆಂಬುದನ್ನು ಡಾಟ್‌ಕಾಂ ಕಾಲ ತೋರಿಸಿತು. ಪ್ರೋತ್ಸಾಹಕ ಆಯ್ಕೆ ಎಂಬ ಇನ್ನೊಂದು ಬಗೆಯಲ್ಲಿ ಷೇರು ಕೊಂಡಾಗ ಸಾಮಾನ್ಯ ಆದಾಯ ತೆರಿಗೆ ಬೀಳುವುದಿಲ್ಲ, ಕಂಪನಿ ಏನನ್ನೂ ಮುರಿಯುವುದೂ ಇಲ್ಲ. ಕೊಂಡ ಮೇಲೆ ಒಂದು ವರ್ಷ, ಹಕ್ಕು ದೊರೆತ ದಿನದಿಂದ ಎರಡು ವರ್ಷ ಕಾದು ಮಾರಿದರೆ ಲಾಭಕ್ಕೆ ಕಡಿಮೆ ದರವೂ ದೊರೆಯುತ್ತದೆ. ಆದರೆ ಪರ್ಯಾಯ ಕನಿಷ್ಠ ತೆರಿಗೆ ಎಂಬ ಸಮಾನಾಂತರ ಲೆಕ್ಕವೊಂದು ಕೊಂಡ ದಿನದ ಕಾಗದದ ಲಾಭವನ್ನೂ ಆದಾಯವೆಂದು ಹಿಡಿಯುತ್ತದೆ. 1966ರಲ್ಲಿ ಎರಡು ಲಕ್ಷ ಡಾಲರ್‌ಗೂ ಮಿಕ್ಕ ಆದಾಯವಿದ್ದ 155 ಮಂದಿ ಚಿಕ್ಕಾಸು ತೆರಿಗೆಯನ್ನೂ ಕಟ್ಟಿರಲಿಲ್ಲವೆಂಬ ಸಂಗತಿ 1969ರಲ್ಲಿ ಬಯಲಾದ ಮೇಲೆ ಧನಿಕರಿಗೆಂದು ಹೆಣೆದ ಬಲೆ ಇದು. 2000ದಲ್ಲಿ ಒಂದು ಡಾಲರ್‌ನ ಷೇರನ್ನು ಬೆಲೆ ನೂರು ಇದ್ದಾಗ ಕೊಂಡು, ಹಿರಿಯರ ಸಲಹೆಯಂತೆ ಮಾರದೆ ಕಾದ ನೌಕರನೊಬ್ಬನನ್ನು ಊಹಿಸಿಕೊಳ್ಳಬಹುದು: ಮರುವರ್ಷ ಬೆಲೆ ಐದಕ್ಕೆ ಕುಸಿದಾಗ ಅವನ ಪ್ರತಿ ಷೇರಿನ ಮೇಲೆ ಇಪ್ಪತ್ತೇಳು ಡಾಲರ್‌ನಷ್ಟು ತೆರಿಗೆ ನಿಂತಿರುತ್ತದೆ, ಇದ್ದುದನ್ನೆಲ್ಲ ಮಾರಿದರೂ ಅದರ ಐದನೆಯ ಒಂದು ಪಾಲೂ ಹುಟ್ಟುವುದಿಲ್ಲ. ಕೊಂಡ ವರ್ಷದ ಡಿಸೆಂಬರ್ ಮುಗಿಯುವುದರೊಳಗೆ ಮಾರಿದ್ದರೆ ಈ ಪರ್ಯಾಯ ಲೆಕ್ಕ ಅವನನ್ನು ಮುಟ್ಟುತ್ತಿರಲಿಲ್ಲ. ಅವಸರಪಟ್ಟವನು ಪಾರಾಗಿ ತಾಳಿದವನು ಬಾಳಲಾರದೆ ಹೋದ ವಿಚಿತ್ರ ಪ್ರಸಂಗವಿದು. 2008ರ ಅಕ್ಟೋಬರ್‌ನಲ್ಲಿ, ಬ್ಯಾಂಕುಗಳನ್ನು ಉಳಿಸಲು ಬಂದ ಕಾಯಿದೆಯ ಒಡಲಲ್ಲೇ, ಇಂಥ ಹಳೆಯ ಬಾಕಿಗಳನ್ನು ಅಮೆರಿಕದ ಸಂಸತ್ತು ಮನ್ನಾ ಮಾಡಿತು. ಮನೆ ಮಾರಿ ಅದಾಗಲೇ ಕಟ್ಟಿಬಿಟ್ಟಿದ್ದವರಿಗೆ ಸಿಕ್ಕಿದ್ದು ಮುಂದಿನ ವರ್ಷಗಳಲ್ಲಿ ಹಿಂದಿರುಗುವ ತೆರಿಗೆ ಜಮೆ. ಪ್ರಾಮಾಣಿಕರಿಗೆ ಇದು ಹಿತವಾಗಿ ಕೇಳಿಸಿರಲಾರದು.

ಭಾರತದ ನಿಯಮ ಕಡಿತದ ವಿಷಯದಲ್ಲಿ ಹೆಚ್ಚು ಕಟ್ಟುನಿಟ್ಟು. ಇನ್ಫೋಸಿಸ್ 1994ರಲ್ಲಿ ನೌಕರರಿಗೆ ಷೇರು ಹಂಚುವ ಯೋಜನೆ ತಂದಂದಿನಿಂದ ಬೆಂಗಳೂರಿಗೆ ಈ ಸಂಭಾವನೆ ಹೊಸದೇನಲ್ಲ. ಇಲ್ಲಿ ಷೇರು ಕೊಂಡ ದಿನದ ಬೆಲೆಗೂ ಕೊಟ್ಟ ಬೆಲೆಗೂ ಇರುವ ವ್ಯತ್ಯಾಸವನ್ನು ಸಂಬಳದ ಜೊತೆಗಿನ ಸವಲತ್ತೆಂದು ಎಣಿಸಿ, ವರ್ಷದ ಒಟ್ಟು ಸಂಬಳಕ್ಕೆ ತಗಲುವ ಸರಾಸರಿ ದರದಲ್ಲೇ ಟಿಡಿಎಸ್ ಮುರಿಯಬೇಕು. ಹಾಗಾಗಿ ಅಮೆರಿಕದಂತೆ ಅರೆಬರೆ ಕಡಿತದ ಅಂತರ ಇಲ್ಲಿ ಸಾಮಾನ್ಯವಾಗಿ ಹುಟ್ಟದು. ತೊಡಕು ಬೇರೊಂದು ಕಡೆ ಇದೆ. ಪೇಟೆಯಲ್ಲಿ ನೋಂದಾಯಿತವಲ್ಲದ ಸ್ಟಾರ್ಟಪ್‌ನ ಷೇರಿಗೆ ಮರ್ಚೆಂಟ್ ಬ್ಯಾಂಕರ್ ಒಬ್ಬರು ಬೆಲೆ ಕಟ್ಟುತ್ತಾರೆ, ಆ ಬೆಲೆಯ ಮೇಲೆ ತೆರಿಗೆ ನಗದಾಗಿ ಸಲ್ಲಬೇಕು, ಷೇರನ್ನು ಮಾತ್ರ ಕೊಳ್ಳುವವರಿರುವುದಿಲ್ಲ. ಫಸಲು ಕೊಯ್ಯುವ ಮೊದಲೇ, ಪೈರಿನ ಎತ್ತರ ನೋಡಿ ಕಂದಾಯ ಕೇಳಿದಂತೆ.

ಈ ಕಷ್ಟವನ್ನು ಮನಗಂಡು 2020ರ ಬಜೆಟ್ ಒಂದು ಸಡಿಲಿಕೆ ನೀಡಿತು. ಸರ್ಕಾರದಿಂದ ಅರ್ಹತೆಯ ಪ್ರಮಾಣಪತ್ರ ಪಡೆದ ಸ್ಟಾರ್ಟಪ್‌ಗಳ ನೌಕರರಿಗಷ್ಟೇ ಅನ್ವಯಿಸುವ ಅದರಂತೆ, ಸಂಬಂಧಿಸಿದ ತೆರಿಗೆ ನಿರ್ಧರಣಾ ವರ್ಷ ಮುಗಿದು 48 ತಿಂಗಳಾಗುವುದು, ಷೇರನ್ನು ಮಾರುವುದು, ಕೆಲಸ ಬಿಡುವುದು, ಈ ಮೂರರಲ್ಲಿ ಯಾವುದು ಮೊದಲೋ ಅದಾದ 14 ದಿನಗಳೊಳಗೆ ತೆರಿಗೆ ಸಲ್ಲಬೇಕು. ಮೊದಲೆರಡು ಷರತ್ತುಗಳಿಗೆ ತರ್ಕವಿದೆ. ಮೂರನೆಯದು ಸ್ವಂತ ಇಚ್ಛೆಯಿಂದ ಹೊರಟವನನ್ನೂ, ಕಂಪನಿಯೇ ಕೈಸೋತು ಹೊರಗೆ ಕಳಿಸಿದವನನ್ನೂ ಬೇರೆಮಾಡಿ ನೋಡುವುದಿಲ್ಲ. ಸಂಬಳ ನಿಂತ ಆ ಎರಡು ವಾರಗಳಲ್ಲೇ, ಮಾರಲು ಬಾರದ ಷೇರಿನ ತೆರಿಗೆಗೆ ಅವನು ಹಣ ಹೊಂದಿಸಬೇಕಾಗುತ್ತದೆ.