ಸಂಜೆಯ ಶಾವಿಗೆ

ಶಾವಿಗೆಯೆಂದರೆ ಮಲೆನಾಡಿನವರಿಗೆ ಮೊದಲು ನೆನಪಾಗುವುದು ಒತ್ತುಶಾವಿಗೆಯೇ ಹೊರತು ಅಂಗಡಿಯ ಪೊಟ್ಟಣವಲ್ಲ. ಅಕ್ಕಿಯನ್ನು ನೆನೆಯಿಟ್ಟು, ನುಣ್ಣಗೆ ರುಬ್ಬಿ, ಒಲೆಯ ಮೇಲೆ ಮಗುಚಿ ಮುದ್ದೆ ಮಾಡಿ, ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಒರಳಿಗೆ ಹಾಕಿ ಒತ್ತಿದರೆ, ಬಾಳೆಯೆಲೆಯ ಮೇಲೆ ಬೆಳ್ಳನೆಯ ಎಳೆಗಳು ಸುರುಳಿಸುರುಳಿಯಾಗಿ ಇಳಿಯುವುವು. ಅದಕ್ಕೆ ಬೆಲ್ಲ ಏಲಕ್ಕಿ ಬೆರೆತ ಕಾಯಿಹಾಲು. ಮಾಂಸಾಹಾರಿಗಳ ಮನೆಗಳಲ್ಲಿ ಕೋಳಿಯ ಸಾರು. ಉಂಡವರಿಗೆ ಇದರ ವರ್ಣನೆ ಬೇಡ. ಉಣ್ಣದವರಿಗೆ ವರ್ಣನೆಯಿಂದ ಪ್ರಯೋಜನವಿಲ್ಲ.

ಆದರೆ ರಿಪ್ಪನ್‌ಪೇಟೆಯ ಅನೇಕ ಮನೆಗಳಲ್ಲಿ ಈಗ ಕೆಲಸದ ದಿನದ ಸಂಜೆ ಬಾಣಲೆಗೆ ಬೀಳುವ ಶಾವಿಗೆ ಬೇರೆ. ಅದು ಗೋಧಿಯ ರವೆಯದು, ಪೊಟ್ಟಣದಲ್ಲಿ ಬಂದದ್ದು. 1880ರಿಂದ 1884ರವರೆಗೆ ವೈಸರಾಯರಾಗಿದ್ದ ಲಾರ್ಡ್ ರಿಪ್ಪನ್ನರ ಹೆಸರನ್ನೇ ಹೊತ್ತು, ನಾಲ್ಕು ಕಡೆಯ ದಾರಿಗಳು ಕೂಡುವಲ್ಲಿ ನಿಂತಿರುವ ಈ ಪೇಟೆಗೆ ಹೊರಗಿನ ಸರಕು ಹೊಸದೇನೂ ಅಲ್ಲ.

ಪಕ್ಕದೂರಿನ ಶಾಲೆಯಲ್ಲಿ ಪಾಠ ಹೇಳಿ, ದೀಪ ಹಚ್ಚುವ ಹೊತ್ತಿಗೆ ಬಸ್ಸಿನಿಂದಿಳಿಯುವ ಉಪಾಧ್ಯಾಯಿನಿಯೊಬ್ಬಳ ಮನೆಯನ್ನು ಎಣಿಸಿಕೊಳ್ಳಬಹುದು. ಆಕೆ ಮೊದಲು ಒಂದು ಚಮಚ ತುಪ್ಪದಲ್ಲಿ ಶಾವಿಗೆಯನ್ನು ಹೊಂಬಣ್ಣಕ್ಕೆ ಹುರಿದು ತೆಗೆದಿಡುವಳು. ಹುರಿದದ್ದೆಂದು ಪೊಟ್ಟಣದ ಮೇಲೆ ಅಚ್ಚಾಗಿದ್ದರೂ ಮತ್ತೊಮ್ಮೆ ಹುರಿಯುವುದೇ ಲೇಸು. ಜಿಡ್ಡು ಹತ್ತಿದ ಎಳೆ ನೆರೆಯ ಎಳೆಗೆ ಅಂಟಿಕೊಳ್ಳದು. ಅದೇ ಬಾಣಲೆಯಲ್ಲಿ ಸಾಸಿವೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ, ಕರಿಬೇವುಗಳ ಒಗ್ಗರಣೆ. ಬಳಿಕ ಈರುಳ್ಳಿ, ಸಣ್ಣಗೆ ಹೆಚ್ಚಿದ ಹುರುಳಿಕಾಯಿ, ಕ್ಯಾರೆಟ್ಟು, ಬಟಾಣಿ. ಒಂದು ಲೋಟ ಶಾವಿಗೆಗೆ ಒಂದೂವರೆ ಲೋಟ ನೀರು, ತರಕಾರಿ ಹೆಚ್ಚಿದ್ದರೆ ಇನ್ನೂ ಸ್ವಲ್ಪ. ನೀರು ಮರಳಿ ತರಕಾರಿ ಮುಕ್ಕಾಲು ಬೆಂದ ಮೇಲೆಯೇ ಶಾವಿಗೆ ಹಾಕಿ, ಉರಿ ತಗ್ಗಿಸಿ ಮುಚ್ಚತಕ್ಕದ್ದು. ಮತ್ತೆಮತ್ತೆ ಕದಡಿದವರಿಗೆ ಸಿಕ್ಕುವುದು ಅಂಬಲಿ. ಕೊನೆಗೆ ಕಾಯಿತುರಿ, ನಿಂಬೆಯ ರಸ. ಇಷ್ಟಕ್ಕೂ ಅರ್ಧ ಗಂಟೆ ಬೇಡ.

ದೂರದ ಇಟಲಿಯಲ್ಲಿಯೂ ಸಂಜೆಯ ಅವಸರಕ್ಕೆ ಇಂಥದೇ ಉಪಾಯವುಂಟು: ಗಡಸು ಗೋಧಿಯ ರವೆಯಿಂದಾದ ಪಾಸ್ತಾವನ್ನು ಬೇಯಿಸಿ, ಮಸಾಲೆಯ ಮಾಂಸ ತುಂಬಿದ ಸಾಸೇಜನ್ನೂ ತರಕಾರಿಯನ್ನೂ ಹುರಿದು ಬೆರೆಸುವರು. ನಮ್ಮ ಬಯಲುಸೀಮೆಯ ಹೆಂಗಸರೂ ಬೇಸಗೆಯ ಬಿಸಿಲಲ್ಲಿ ಗೋಧಿಯ ಶಾವಿಗೆಯನ್ನು ಮಣೆಯ ಮೇಲೆ ಹೊಸೆದು ಒಣಗಿಸಿ ಇಡುವರು. ಗೋಧಿಯ ಹಿಟ್ಟನ್ನು ನೀರಿನಲ್ಲಿ ನಾದಿದರೆ ಗ್ಲುಟೆನ್ನೆಂಬ ಜಿಗುಟು ಹುಟ್ಟಿ ಎಳೆಯನ್ನು ಹಿಡಿದಿಡುತ್ತದೆ. ಆದುದರಿಂದ ಅದು ಒಣಗಿಯೂ ಇರಬಲ್ಲುದು, ಕುದಿನೀರನ್ನೂ ತಾಳಬಲ್ಲುದು. ಅಕ್ಕಿಗೆ ಆ ಜಿಗುಟಿಲ್ಲ. ಅದರ ಪಿಷ್ಟ ಮೊದಲು ಬೇಯಬೇಕು, ಬಿಸಿಯಿರುವಾಗಲೇ ಒರಳನ್ನು ಹಾಯಬೇಕು. ತಣಿದರೆ ಬಿಗಿದುಕೊಂಡು ಎಂಥ ತೋಳನ್ನೂ ಸೋಲಿಸುವುದು. ಅಲ್ಲದೆ ಒಬ್ಬರು ಒತ್ತುತ್ತಿರುವಾಗ ಕೆಳಗೆ ಎಲೆ ಹಿಡಿದು ತಿರುಗಿಸುತ್ತ ಎಳೆಗಳನ್ನು ಸುತ್ತಿಸಿಕೊಳ್ಳಲು ಇನ್ನೊಬ್ಬರಿರಬೇಕು.

ಹೊತ್ತು ಸಾಲದ್ದರಿಂದ ಒತ್ತುಶಾವಿಗೆ ಹಿಂದೆ ಸರಿಯಿತೆಂದು ಹೇಳುವುದು ವಾಡಿಕೆ. ಅದು ಅರ್ಧ ಮಾತು. ಅಕ್ಕಿಯನ್ನು ಬೆಳಿಗ್ಗೆಯೇ ನೆನೆಯಿಟ್ಟು ಹೋಗಬಹುದು, ರುಬ್ಬಲು ಯಂತ್ರವುಂಟು. ಇಲ್ಲದಿರುವುದು ಎರಡನೆಯ ಜೊತೆ ಕೈ. ಮಗ ಬೆಂಗಳೂರಿನಲ್ಲಿ, ಮಗಳು ಗಂಡನ ಮನೆಯಲ್ಲಿ; ಹಿಂದೆ ಊರಿಗೆ ಊರೇ ಮೆಚ್ಚುವಂತೆ ಒರಳು ಒತ್ತುತ್ತಿದ್ದ ಅತ್ತೆಯವರ ತೋಳಿನಲ್ಲಿ ಈಗ ಕಸುವಿಲ್ಲ. ಪೊಟ್ಟಣದ ಶಾವಿಗೆ ಒಂಟಿ ಕೈಯ ಅಡಿಗೆ. ಗೆದ್ದದ್ದು ಅದರಿಂದ.

ತಟ್ಟೆ ಮುಂದೆ ಬಂದಾಗ ಅತ್ತೆಯವರು, “ಇದು ಉಪ್ಪಿಟ್ಟು ಕಣೆ, ಶಾವಿಗೆಯಲ್ಲ” ಎನ್ನುವರು. ಸೊಸೆ ಎದುರಾಡುವುದಿಲ್ಲ, ಇನ್ನಷ್ಟು ಬಡಿಸುವಳು, ಅವರೂ ಬೇಡವೆನ್ನುವುದಿಲ್ಲ. ಒರಳು ಅಟ್ಟದ ಮೇಲಿದೆ. ಮಗ ರಜೆಗೆ ಬಂದ ದಿನ ಅದು ಕೆಳಗಿಳಿಯುವುದು. ಒತ್ತುವ ಕೆಲಸ ಅವನದು. ಬಾಳೆಯೆಲೆ ಹಿಡಿದು ಕೆಳಗೆ ಕೂರುವ ಸ್ಥಾನವನ್ನು ಮಾತ್ರ ಅತ್ತೆಯವರು ಯಾರಿಗೂ ಬಿಟ್ಟುಕೊಡುವುದಿಲ್ಲ.