ಗುಜರಿಗೆ ಹೋಗದ ಕಾರ್ಡು

ಹುಣಸೂರಿನ ಆ ನಿವೃತ್ತ ಮೇಷ್ಟರ ಮನೆಯಲ್ಲಿ ಪ್ರತಿ ವರುಷವೂ ಆಯುಧಪೂಜೆಗೆ ಮುಂಚೆ ಒಂದು ಯುದ್ಧವಾಗುವುದು ವಾಡಿಕೆ. ಕಾರಣ, ಅಟ್ಟದ ಮೇಲಿನ ಹಳೆಯ ಕಂಪ್ಯೂಟರು. ಗುಜರಿಯವನು ಕಿಲೋ ಲೆಕ್ಕದಲ್ಲಿ ಕೇಳುತ್ತಾನೆ. ಮನೆಯಾಕೆ “ತಕ್ಕೊಂಡು ಹೋಗಪ್ಪ” ಎನ್ನುತ್ತಾರೆ. ಮೇಷ್ಟರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ.

ಅವರ ಹಟಕ್ಕೆ ಆಧಾರವಿಲ್ಲದೆ ಇರಲಿಲ್ಲ. 1990ರ ದಶಕದಲ್ಲಿ ರಜೆ ಬಂದಿತೆಂದರೆ ಅವರು ಬೇಸಾಯದ ಮಾತುಗಳನ್ನು ಸಂಗ್ರಹಿಸಲು ಹೊರಡುತ್ತಿದ್ದರು. ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದ ಮಾವನವರ ಬ್ಯಾರನ್ನಿನ ಮುಂದೆ, ಕೃಷ್ಣರಾಜನಗರದ ಗದ್ದೆಯ ಬದುಗಳಲ್ಲಿ, ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಗಳಲ್ಲಿ ಕುಳಿತು ಬರೆದುಕೊಂಡರು. ಕಬಿನಿಯ ಹಿನ್ನೀರಿನಲ್ಲಿ ಮುಳುಗಿಹೋದ ಹೊಲಗಳ ಹೆಸರುಗಳೂ ಅದರಲ್ಲಿ ಸೇರಿದ್ದವು. ಎಲ್ಲವನ್ನೂ ಕನ್ನಡದಲ್ಲಿ ಬೆರಳಚ್ಚಿಸಿ ಐದೂಕಾಲು ಅಂಗುಲದ ಹನ್ನೆರಡು ಫ್ಲಾಪಿಗಳಲ್ಲಿಟ್ಟರು. ಕೈಬರಹದ ಪುಸ್ತಕಗಳು ಗೆದ್ದಲಿಗೆ ಹಬ್ಬವಾದವು.

“ಫ್ಲಾಪಿಯಿದ್ದರೆ ಸಾಲದಪ್ಪ, ಓದಿಸುವ ಕಾರ್ಡು ಬೇಕು” ಎಂದವನು ಬೆಂಗಳೂರಿನಿಂದ ಬಂದ ಮಗ.

ಅವನ ಮಾತು ನಿಜ. ಡ್ರೈವು ತಟ್ಟೆಯನ್ನು ತಿರುಗಿಸಿ, ಅದರಲ್ಲಿರುವ ಕಾಂತದ ಗುರುತುಗಳನ್ನು ವಿದ್ಯುತ್ತಿನ ಮಿಡಿತಗಳನ್ನಾಗಿ ಕಳುಹಿಸಬಲ್ಲುದೇ ಹೊರತು ಅವುಗಳ ಅರ್ಥವನ್ನು ಅರಿಯದು. 34 ಎಳೆಗಳ ಪಟ್ಟಿಯಲ್ಲಿ ಹರಿದು ಬರುವ ಆ ಮಿಡಿತಗಳಲ್ಲಿ ತಾಳವಾವುದು, ಸಾಹಿತ್ಯವಾವುದು ಎಂದು ಬಿಡಿಸುವುದು ನಿಯಂತ್ರಕ ಕಾರ್ಡು. 360 ಕಿಲೋಬೈಟಿನ ಫ್ಲಾಪಿಯ ಒಂದೊಂದು ಮುಖದಲ್ಲಿ 40 ಸುತ್ತುಗಳು, ಸುತ್ತಿಗೆ 9 ಖಂಡಗಳು. ಯಾವ ಸುತ್ತಿಗೆ ಹೋಗಬೇಕು, ಯಾವ ಖಂಡವನ್ನು ಎತ್ತಬೇಕು, ಎತ್ತಿದ್ದು ತಪ್ಪಿಲ್ಲದೆ ಬಂದಿತೆ, ಎಲ್ಲವೂ ಅದರ ಹೊಣೆ. ಇಂದಿನ ಕಂಪ್ಯೂಟರುಗಳಲ್ಲಿ ಅಂಥ ಕಾರ್ಡು ಕೂರುವ ಗೂಡೇ ಇಲ್ಲ. ಅಂಗಡಿಯ ಯುಎಸ್‌ಬಿ ಫ್ಲಾಪಿ ಡ್ರೈವಿನ ಬಾಯಿಗೆ ಮೂರೂವರೆ ಅಂಗುಲದ್ದು ಮಾತ್ರವೇ ಹಿಡಿಸುತ್ತದೆ.

ಮೇಷ್ಟರ ಯಂತ್ರಕ್ಕೆ ಜೀವ ಬರಲಿಲ್ಲ. ಕೃಷ್ಣರಾಜನಗರದ ಒಂದು ಮುದ್ರಣಾಲಯದ ಮೂಲೆಯಲ್ಲಿ ಅದರ ಓರಗೆಯದೊಂದು ಉಸಿರಾಡುತ್ತಿದ್ದಿತು. ಆದರೆ ಅದರ ಕಾರ್ಡು ಸತ್ತಿತ್ತು! ಇಲ್ಲಿಯ ಕಾರ್ಡನ್ನೂ ಡ್ರೈವನ್ನೂ ಅಲ್ಲಿ ಜೋಡಿಸಿ, ಮೂರೂವರೆ ಅಂಗುಲದ ಫ್ಲಾಪಿಗಳಿಗೆ ನಕಲಿಳಿಸಿದರು. ಹನ್ನೆರಡರಲ್ಲಿ ಒಂಬತ್ತು ಬಂದವು. ಉಳಿದ ಮೂರಕ್ಕೆ ಬೂಷ್ಟು ಹಿಡಿದಿತ್ತು. ಕಬಿನಿಯ ಹೊಲಗಳು ಎರಡನೆಯ ಸಲ ಮುಳುಗಿದವು.

ಬಂದದ್ದಾದರೂ ತೆರೆಯ ಮೇಲೆ ಬರಿಯ ಗೋಜಲು. ಆ ಕಾಲದಲ್ಲಿ ಕಂಪ್ಯೂಟರಿಗೆ ಕನ್ನಡ ಕಲಿಸಿದ್ದು ಜಿಸ್ಟ್ ಎಂಬ ಇನ್ನೊಂದು ಕಾರ್ಡು. ಅದರ ಬರಹ ಇಸ್ಕಿ ಸಂಕೇತದ್ದು. ಯೂನಿಕೋಡು ಕನ್ನಡಕ್ಕೆ ಇಸ್ಕಿಯ ಅನುಕ್ರಮವನ್ನೇ ಅನುಸರಿಸಿದ್ದರಿಂದ ಮಗನಿಗೆ ಅದನ್ನು ಪರಿವರ್ತಿಸುವುದು ಕಷ್ಟವಾಗಲಿಲ್ಲ.

‘ಕುಡಿ ಮುರಿಯುವುದು’ ಎಂಬುದರ ಮುಂದೆ ನಾಲ್ಕು ಸಾಲಿನ ವಿವರಣೆ, ಕೊನೆಯಲ್ಲಿ ಹೇಳಿದವರ ಹೆಸರು. ಕನ್ನಡಕ ಸರಿಪಡಿಸಿಕೊಂಡು ಓದಿದ ಮನೆಯಾಕೆ ಕ್ಷಣಕಾಲ ಮಾತಾಡಲಿಲ್ಲ. “ಅಪ್ಪಯ್ಯ ಹೀಗೇ ಹೇಳೋರು” ಎಂದರು.

ಗುಜರಿಯವನಿಗೆ ಈ ಸಲ ಬರಿಯ ತಗಡಿನ ಪೆಟ್ಟಿಗೆ ತೂಕಕ್ಕೆ ಸಿಕ್ಕಿತು. ಕಾರ್ಡನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟವರು ಮೇಷ್ಟರಲ್ಲ.